ಇಳಿಸಿದ ಶ್ರುತಿ

ನನ್ನ ಗಂಟಲು ಹೋಗಿ ಎಷ್ಟು ವರ್ಷವಾಯಿತು ಅನ್ನುವುದು ನನಗೆ ಗೊತ್ತಿರಲಿಲ್ಲ. ನಮ್ಮ ಆರ್ಕೆಸ್ಟ್ರಾದವರಿಗೆಲ್ಲ ಗೊತ್ತಿತ್ತು, ನನ್ನ ಹೆಂಡತಿಗೆ ಗೊತ್ತಿತ್ತು, ಮೈಕ್‌ಸೆಟ್ಟಿನವನಿಗೂ ಗೊತ್ತಿತ್ತಂತೆ. ಹಾಡುತ್ತಿದ್ದವನು ನಾನು, ಗೊತ್ತಿಲ್ಲದವನೂ ನಾನೊಬ್ಬನೇ. ಇದನ್ನು ಬರೆಯುವಾಗ ಈಗಲೂ ಮೈ ಉರಿಯುತ್ತದೆ. ಯಾರ ಮೇಲೆ ಸಿಟ್ಟು ಮಾಡಿಕೊಳ್ಳಬೇಕು ಅಂತ ತಿಳಿಯದೆ ಇನ್ನಷ್ಟು ಉರಿಯುತ್ತದೆ.

ಮೊದಲಿಂದಲೇ ಹೇಳಬೇಕು. ನಮ್ಮೂರು ಕೆ. ಹೊಸಕೋಟೆಯಿಂದ ಒಳಗಿನ ಒಂದು ಹಳ್ಳಿ. ಅಪ್ಪನಿಗೆ ಒಂದಿಷ್ಟು ಗದ್ದೆ, ಗದ್ದೆಯ ಮೇಲಿನ ದಿಣ್ಣೆಯಲ್ಲಿ ಒಂದಿಷ್ಟು ರೋಬಸ್ಟಾ. ಮನೆಯಲ್ಲಿ ಹಾಡಿದವರು ಯಾರೂ ಇಲ್ಲ. ಮದುವೆ ಮನೆಗಳಲ್ಲಿ ಅವ್ವ ಸೋಬಾನೆ ಹೇಳುವ ಹೆಂಗಸರ ನಡುವೆ ಕೂರುತ್ತಿದ್ದಳು ನಿಜ, ಆದರೆ ಬಾಯಿ ಮಾತ್ರ ಆಡಿಸುತ್ತಾಳೆ, ದನಿ ಬರುವುದಿಲ್ಲ ಅಂತ ಅತ್ತೆಯರು ಆಡಿಕೊಳ್ಳುತ್ತಿದ್ದರು. ಪಿಯುಸಿಯಲ್ಲಿ ಡುಮ್ಕಿ ಹೊಡೆದು ನಾನು ಮನೆಯಲ್ಲಿ ಕೂತಿದ್ದ ಬೇಸಿಗೆಯಲ್ಲಿ ಊರಿನವರು ಪೌರಾಣಿಕ ನಾಟಕ ಆಡಲು ಹೊರಟರು. ಹಾಸನದ ಕಡೆಯಿಂದ ಒಬ್ಬ ನಾಟಕದ ಮೇಷ್ಟ್ರು ಕಾಲಲ್ಲಿ ತುಳಿಯುವ ಹಾರ್ಮೋನಿಯಂ ತಂದು ಶಾಲೆಯ ಜಗುಲಿಯಲ್ಲಿ ಬೀಡುಬಿಟ್ಟರು. ಹೆಚ್ಚು ದುಡ್ಡು ಹಾಕಿದವರಿಗೆ ರಾಜರ ಪಾತ್ರ, ಕೈ ಖಾಲಿ ಇದ್ದವರಿಗೆ ದೂತರ ಪಾತ್ರ. ನಾನು ದೂತನಾದೆ.

ಅಭ್ಯಾಸ ನಡೆಯುವಾಗ ಮೇಷ್ಟ್ರು ನನ್ನ ಹಾಡನ್ನು ಹಾರ್ಮೋನಿಯಂನ ಒಂದೊಂದೇ ಮನೆ ಮೇಲಕ್ಕೆ ಏರಿಸುತ್ತ ಹೋದರು. ರಾಜರ ಪಾತ್ರದವರೆಲ್ಲ ಕೆಮ್ಮಿ ಹಿಂದೆ ಸರಿದ ಜಾಗದಲ್ಲಿ ನಾನು ಆರಾಮವಾಗಿ ನಿಂತಿದ್ದೆ. ಅವರು ತುಳಿಯುವುದನ್ನು ನಿಲ್ಲಿಸಿ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಎಲ್ಲರ ಗಂಟಲೂ ಮೇಲಕ್ಕೆ ಹೋದ್ರೆ ತೆಳ್ಳಗಾಗ್ತೈತೆ ಕಣೋ. ನಿಂದು ಅಗಲ ಆಗ್ತೈತೆ. ಇದೊಂದು ಬಿಟ್ಟು ನಿನ್ ತಾವ ಇನ್ನೇನೂ ಇಲ್ಲ, ಇದನ್ನ ಕಾಪಾಡ್ಕೋ," ಅಂದರು. ಪರೀಕ್ಷೆಯಲ್ಲಿ ಬಿದ್ದವನಿಗೆ ಇಂಥ ಮಾತು ಎಷ್ಟು ತಲೆಗೇರುತ್ತದೆ ಅನ್ನುವುದನ್ನು ಬಿದ್ದವರೇ ಬಲ್ಲರು. ನನ್ನ ಇಡೀ ಬದುಕನ್ನು ಆ ಮಾತಿನ ಮೇಲೆ ಕಟ್ಟಿಕೊಂಡೆ.

ನಾಟಕದ ದಿನ ಸಂಜೆ ಬೇಲೂರಿನ ದಿಕ್ಕಿನಲ್ಲಿ ಗುಡುಗತೊಡಗಿತು. ಅರ್ಧ ಊರಿನ ಕಾಫಿ ಇನ್ನೂ ಕಣದಲ್ಲೇ ಒಣಗುತ್ತಿತ್ತು. ಜನ ಚಪ್ಪರದ ಮುಂದೆ ಕೂತಿದ್ದರೂ ಕಣ್ಣು ಆಕಾಶದಲ್ಲಿತ್ತು. ಮೊದಲನೇ ಅಂಕದಲ್ಲೇ ಮಹಾರಾಜನ ಮೀಸೆ ಬೆವರಿಗೆ ಕಿತ್ತುಬಂತು, ಅದನ್ನು ಅಂಟಿಸುವವರೆಗೆ ಅವನು ಹೊರಗೆ ಬರುವಂತಿರಲಿಲ್ಲ. ಹಾಡುತ್ತಲೇ ಇರು ಅಂತ ಮೇಷ್ಟ್ರು ಕಣ್ಣು ಬಿಟ್ಟರು. ನನ್ನ ಹಾಡು ಆಗಲೇ ಎರಡು ಸಲ ಮುಗಿದಿತ್ತು. ಏನು ಹಾಡಬೇಕೋ ತೋಚದೆ, ಎದುರಿಗೆ ಕೂತು ಮೋಡ ನೋಡುತ್ತಿದ್ದ ಅವ್ವನನ್ನೇ ಹಾಡಿಬಿಟ್ಟೆ:

ಕಣದ ತುಂಬ ಹರವಿದ ಹಣ್ಣು,
ಮೋಡದ ಮೇಲೆ ಅವ್ವನ ಕಣ್ಣು,
ಬರಬ್ಯಾಡ ಮಳೆಯೇ, ಇವತ್ತೊಂದಿನ ಬರಬ್ಯಾಡ.

ಅರಮನೆಯ ದೂತ ಕಾಫಿ ಕಣದ ಮೇಲೆ ಹಾಡುವುದನ್ನು ಕೇಳಿ ಮೊದಲು ಜನ ನಕ್ಕರು. ‘ಬರಬ್ಯಾಡ’ ಅನ್ನುವುದನ್ನು ನಾನು ಮೇಷ್ಟ್ರು ತೋರಿಸಿದ್ದ ಆ ಎತ್ತರಕ್ಕೆ ಒಯ್ದಾಗ ನಗು ನಿಂತಿತು. ಎರಡನೇ ಸಲಕ್ಕೆ ಹೆಂಗಸರ ಕಡೆಯಿಂದ ಯಾರೋ ದನಿ ಸೇರಿಸಿದರು. ಪೌರಾಣಿಕವನ್ನು ಕೆಡಿಸಿದೆ ಅಂತ ಮೇಷ್ಟ್ರು ಆಮೇಲೆ ಬೈದರು, ಆದರೆ ಹಾಡುವಾಗ ಅವರ ಕಾಲು ನಿಂತಿರಲಿಲ್ಲ, ಬೆರಳೂ ನಿಂತಿರಲಿಲ್ಲ. ಮಳೆ ಬಂತೋ ಇಲ್ಲವೋ ನೆನಪಿಲ್ಲ.

ಮೈಕ್‌ಸೆಟ್ ಬಾಡಿಗೆಗೆ ಆಲೂರಿನಿಂದ ಬಂದಿತ್ತು. ಅದರ ಜೊತೆ ಬಂದವನು ನನ್ನ ವಯಸ್ಸಿನವನೇ, ರೇಡಿಯೋ ರಿಪೇರಿ ಕಲಿಯುತ್ತಿದ್ದ. ಬೆಳಗ್ಗೆ ವೈರು ಸುತ್ತುತ್ತ ನನ್ನ ಹತ್ತಿರ ಬಂದು, ಆ ಕಣದ ಹಾಡು ಯಾರದು ಅಂತ ಕೇಳಿದ. ನನ್ನದೇ ಅಂದೆ. ನಂಬಲಿಲ್ಲ. ಇನ್ನೊಮ್ಮೆ ಹಾಡಿಸಿದ. ತಾನು ಯಾರೋ ಮೂಲೆಗೆಸೆದಿದ್ದ ಒಂದು ಕೀಬೋರ್ಡನ್ನು ಸರಿಮಾಡಿ ನುಡಿಸುವುದನ್ನು ಕಲಿಯುತ್ತಿದ್ದೇನೆ, ಆಲೂರಿಗೆ ಬಂದರೆ ಇಬ್ಬರೂ ಕೂತು ನೋಡೋಣ ಅಂದ. ಮುಂದಿನ ವಾರವೇ ಬಸ್ಸು ಹತ್ತಿದೆ. ಅಲ್ಲಿಂದ ಮುಂದೆ ನನ್ನ ಹಾಡು, ಅವನ ಬೆರಳು. ಮದುವೆಯಾದ ಮೇಲೂ ಹೆಂಡತಿಗಿಂತ ಹೆಚ್ಚು ಹೊತ್ತು ನಾನು ಅವನ ಜೊತೆಯಲ್ಲೇ ಕಳೆದಿದ್ದೇನೆ.

ಅವನು ಸಕಲೇಶಪುರದಲ್ಲಿ ರಿಪೇರಿ ಅಂಗಡಿ ಹಾಕಿದ. ನಾನು ಅದೇ ಬೀದಿಯ ಹಾರ್ಡ್‌ವೇರ್ ಅಂಗಡಿಯಲ್ಲಿ ತೋಟದವರಿಗೆ ಪೈಪು, ಸ್ಪ್ರಿಂಕ್ಲರ್ ಸಾಮಾನು ಕೊಡುವ ಕೆಲಸಕ್ಕೆ ಸೇರಿದೆ. ತೋಟವೊಂದರ ಸ್ಟೋರಿನಲ್ಲಿದ್ದ ಕೊಳಲಿನವನು ಸಿಕ್ಕಿದ, ಆಲೂರಿನ ಅಂಗನವಾಡಿಯಲ್ಲಿ ಟೀಚರಾಗಿದ್ದ ಹೆಣ್ಣುಮಗಳು ಹಾಡಲು ಬಂದಳು, ರಿದಂ ಪ್ಯಾಡಿಗೆ ಒಬ್ಬ, ಬೇಸ್ ಗಿಟಾರಿಗೆ ಒಬ್ಬ. ಆರ್ಕೆಸ್ಟ್ರಾ ಆಯಿತು. ಅಂಗಡಿಯ ಬಾಗಿಲು ಅರ್ಧ ಎಳೆದುಕೊಂಡು, ಬಿಚ್ಚಿ ಹಾಕಿದ ಟಿವಿಗಳ ಮಧ್ಯೆ ಅಭ್ಯಾಸ. ಹೆಂಡತಿ ಹಳೆಯದಾದರೂ ಒಂದು ಹಾರ್ಮೋನಿಯಂ ತಂದುಕೊಳ್ಳಿ ಅಂತ ಹೇಳುತ್ತಿದ್ದಳು. ಅವನ ಕೀಬೋರ್ಡ್ ಇರುವಾಗ ಅದೆಲ್ಲ ಯಾಕೆ ಅಂತ ನಾನು ತರಲೇ ಇಲ್ಲ. ನನ್ನ ಶ್ರುತಿ ಏನಿದ್ದರೂ ಅವನ ಹತ್ತಿರವೇ ಇತ್ತು.

ಗಣಪತಿ ಹಬ್ಬ ಬಂದರೆ ಕುಂದೂರಿನಿಂದ ಹಿಡಿದು ಘಟ್ಟದ ಅಂಚಿನ ಊರುಗಳವರೆಗೆ ನಮ್ಮ ಟೆಂಪೋ ಓಡುತ್ತಿತ್ತು. ರಾಜ್ಯೋತ್ಸವ, ಮದುವೆ, ನಾಮಕರಣ ಯಾವುದನ್ನೂ ಬಿಟ್ಟವರಲ್ಲ. ಎಲ್ಲ ಕಡೆಯೂ ಸಿನಿಮಾ ಹಾಡೇ ಬೇಕು. ಸ್ವಂತ ಹಾಡು ಹಾಡುತ್ತೇನೆ ಅಂದರೆ ಸಮಿತಿಯವರ ಮುಖ ಸಪ್ಪಗಾಗುತ್ತಿತ್ತು, ಚೀಟಿ ಕಳಿಸಿ ನಿಲ್ಲಿಸುತ್ತಿದ್ದರು. ನನ್ನ ಹಾಡುಗಳಿಗೆ ಇದ್ದದ್ದು ಒಂದೇ ಜಾಗ. ಕಾಫಿ ಹಣ್ಣು ಕುಯ್ಲು ಮುಗಿದ ಮೇಲೆ ತೋಟದವರು ಕೆಲಸದವರಿಗೆಲ್ಲ ಕಣದಲ್ಲಿ ಒಂದು ಮಧ್ಯಾಹ್ನ ಊಟ ಹಾಕುತ್ತಾರೆ. ಬಾಡೂಟ ಆದ ಮೇಲೆ ನಮ್ಮ ಕಾರ್ಯಕ್ರಮ. ಕೂಲಿಯವರ ಲೈನ್ ಮನೆಗಳ ಹೆಂಗಸರು, ಲೆಕ್ಕ ಬರೆಯುವ ರೈಟರು, ಪಕ್ಕದ ಸಣ್ಣ ಹಿಡುವಳಿದಾರರು ಎಲ್ಲ ಕೂತು, ಸಿನಿಮಾ ಹಾಡು ಸಾಕು, ಕಣದ ಹಾಡು ಹೇಳಿ ಅನ್ನುತ್ತಿದ್ದರು. ಒಂದೊಂದು ತೋಟಕ್ಕೆ ಒಂದೊಂದು ಹೊಸ ಹಾಡು ಕಟ್ಟುತ್ತಿದ್ದೆ. ಆನೆ ಬಂತೆಂದು ಬಸ್ಸು ತಿರುಗಿಸಿಕೊಂಡು ಹೋದ ಡ್ರೈವರಿನ ಮೇಲೆ ಒಂದು, ಬೆಳಗ್ಗೆ ಹಾಜರಿಯ ಮಸ್ಟರ್ ಗಂಟೆ ಹೊಡೆಯುವ ಮುದುಕನ ಮೇಲೆ ಒಂದು. ಕಡೆಯಲ್ಲಿ ಕಣದ ಹಾಡು. ‘ಬರಬ್ಯಾಡ’ ಬಂದಾಗ ಇಡೀ ಕಣ ಬಾಯಿ ತೆರೆಯುತ್ತಿತ್ತು, ಆದರೂ ಅಷ್ಟೂ ದನಿಗಳ ಮೇಲೆ ನನ್ನದು ಕೇಳುತ್ತಿತ್ತು. ವರ್ಷದಲ್ಲಿ ಆ ಕೆಲವು ಮಧ್ಯಾಹ್ನಗಳಿಗಾಗಿ ಉಳಿದ ದಿನಗಳಲ್ಲಿ ಪೈಪು ಅಳೆದೆ ಅಂದರೂ ತಪ್ಪಿಲ್ಲ.

ಪ್ರತಿ ವರ್ಷ ಕುಯ್ಲಿನ ಊಟಗಳು ಮುಗಿದ ಮೇಲೆ ನಮ್ಮ ಕೀಬೋರ್ಡಿನವನದ್ದು ಒಂದೇ ರಾಗ. ಹಾಸನದ ಸ್ಟುಡಿಯೋಕ್ಕೆ ಹೋಗಿ ನನ್ನ ಹಾಡುಗಳನ್ನೆಲ್ಲ ರೆಕಾರ್ಡ್ ಮಾಡಿಸಿಬಿಡಬೇಕು. ನನಗೂ ಆಸೆಯೇ. ಆದರೆ ಮಾಡಿದರೆ ಸರಿಯಾಗಿ ಮಾಡಬೇಕು, ನಿಜವಾದ ಪಿಟೀಲು ಬೇಕು, ತಬಲಾ ಬೇಕು, ಅವನ ಕೀಬೋರ್ಡಿನಿಂದ ಬರುವ ಪಿಟೀಲು ಬೇಡ ಅಂತ ನನ್ನ ಹಟ. ಇನ್ನೊಂದು ಹಾಡು ಅರ್ಧಕ್ಕೆ ನಿಂತಿದೆ, ಅದೂ ಆಗಲಿ ಅನ್ನುತ್ತಿದ್ದೆ. ಮುಂದಿನ ವರ್ಷ, ಅದರ ಮುಂದಿನ ವರ್ಷ. ಮೊದಮೊದಲು ನಗುತ್ತ ಕೇಳುತ್ತಿದ್ದವನು ಬರುಬರುತ್ತ ಸಿಡುಕತೊಡಗಿದ. ಒಂದು ವರ್ಷವಂತೂ ನನ್ನನ್ನು ಕೇಳದೆಯೇ ಸ್ಟುಡಿಯೋದಲ್ಲಿ ಒಂದು ದಿನ ಗೊತ್ತುಮಾಡಿ ಬಂದಿದ್ದ. ನಾನು ಹೋಗಲಿಲ್ಲ. "ಗಂಟಲು ಎಲ್ಲಿಗೆ ಓಡೋಗ್ತೈತೆ ಮಾರಾಯ," ಅಂದೆ. ಅವನು ಬೆಸುಗೆ ಹಾಕುತ್ತಿದ್ದ ಬೋರ್ಡಿನ ಮೇಲೆ ಬಗ್ಗಿದ.

ಗಂಟಲಿನ ವಿಷಯದಲ್ಲಿ ನಾನು ಎಷ್ಟು ಕೊಚ್ಚಿಕೊಳ್ಳುತ್ತಿದ್ದೆ ಅನ್ನುವುದನ್ನು ನೆನೆದರೆ ಈಗ ಮುಖ ಮುಚ್ಚಿಕೊಳ್ಳಬೇಕು ಅನಿಸುತ್ತದೆ. ಮೊಸರು ಬಿಟ್ಟಿದ್ದೆ, ಐಸ್‌ಕ್ರೀಮ್ ಮುಟ್ಟುತ್ತಿರಲಿಲ್ಲ, ದಿನಾ ಬೆಳಗ್ಗೆ ಮೆಣಸಿನ ಕಷಾಯ. ಹಾಸನದ ಇನ್ನೊಂದು ಆರ್ಕೆಸ್ಟ್ರಾದ ಗಾಯಕ ವಯಸ್ಸಾದಂತೆ ಶ್ರುತಿ ಇಳಿಸಿಕೊಂಡು ಹಾಡುವುದನ್ನು ಕೇಳಿ ಬಂದು, ಟೆಂಪೋದಲ್ಲಿ ದಾರಿಯುದ್ದಕ್ಕೂ ಅವನನ್ನು ಅಣಕಿಸಿದ್ದೆ. ನಾನು ನೋಡಿ, ಮೊದಲ ದಿನ ಯಾವ ಎತ್ತರದಲ್ಲಿ ಹಾಡಿದೆನೋ ಇವತ್ತಿಗೂ ಅಲ್ಲೇ, ಒಂದು ಕೂದಲಿನಷ್ಟೂ ಇಳಿಸಿಲ್ಲ ಅಂದಿದ್ದೆ. ಟೆಂಪೋದಲ್ಲಿ ಯಾರೂ ನಗಲಿಲ್ಲ. ಹೊಟ್ಟೆಕಿಚ್ಚು ಅಂದುಕೊಂಡೆ. ಕೊಳಲಿನವನು ಮೊದಲಿಗಿಂತ ಉದ್ದದ ಕೊಳಲು ತರತೊಡಗಿದಾಗ, ಗದ್ದೆಗೆ ನೀರು ಬಿಡುವ ಪೈಪು ತಂದಿದ್ದೀಯಲ್ಲೋ, ನಮ್ಮ ಅಂಗಡಿಯದಾ ಅಂತ ತಮಾಷೆ ಮಾಡಿದ್ದೆ. ಅವನು ನಕ್ಕಿದ್ದ.

ಅಷ್ಟರಲ್ಲಿ ಪೆನ್‌ಡ್ರೈವಿನ ಕಾಲ ಬಂತು. ಸಿನಿಮಾ ಹಾಡಿನ ಬರೀ ವಾದ್ಯದ ಟ್ರ್ಯಾಕ್ ಹಾಕಿಕೊಂಡು ಒಬ್ಬನೇ ನಿಂತು ಹಾಡುವವರು ಊರೂರಿಗೆ ಹುಟ್ಟಿಕೊಂಡರು. ವಾದ್ಯದವರು ಬೇಡ, ಟೆಂಪೋ ಬೇಡ. ನಾವೂ ಅರ್ಧ ಟ್ರ್ಯಾಕ್ ಹಾಕಿಕೊಂಡರೆ ಕಾರ್ಯಕ್ರಮ ಉಳಿಯುತ್ತವೆ ಅಂತ ಬೇಸ್ ಗಿಟಾರಿನವನು ಗೋಗರೆದ. ಸತ್ತರೂ ಇಲ್ಲ ಅಂದೆ. ಆಶ್ಚರ್ಯವೆಂದರೆ, ಹೊಸ ಯಂತ್ರ ಅಂದರೆ ಪ್ರಾಣ ಬಿಡುವ ನಮ್ಮ ಕೀಬೋರ್ಡಿನವನೂ ನನ್ನ ಪರ ನಿಂತ. ಟ್ರ್ಯಾಕಿನಲ್ಲಿ ಜೀವ ಇರಲ್ಲ, ನಾವು ಕೈಯಲ್ಲೇ ನುಡಿಸೋಣ ಅಂದ. ಆ ದಿನ ಅವನ ಬಗ್ಗೆ ನನಗೆ ಎಷ್ಟು ಹೆಮ್ಮೆಯಾಯಿತು ಅಂದರೆ, ಮನೆಗೆ ಬಂದು ಹೆಂಡತಿಯ ಮುಂದೆ ಹೊಗಳಿದ್ದೇ ಹೊಗಳಿದ್ದು. ಬೇಸ್ ಗಿಟಾರಿನವನು ಬಿಟ್ಟುಹೋದ. ರಿದಂ ಪ್ಯಾಡಿನವನು ಕರೆದಾಗ ಮಾತ್ರ ಬರುವಂತಾದ. ಗಣಪತಿಯವರು ಬೇರೆಯವರನ್ನು ಕರೆದರು. ಕಡೆಗೆ ನಮಗೆ ಉಳಿದದ್ದು ಎರಡೋ ಮೂರೋ ತೋಟಗಳ ಕುಯ್ಲಿನ ಊಟ.

ಹೋದ ಮಳೆಗಾಲದಲ್ಲಿ ಕೀಬೋರ್ಡಿನವನಿಗೆ ಅವನ ಅಂಗಡಿಯಲ್ಲೇ ಲಕ್ವ ಹೊಡೆಯಿತು. ಜೀವ ಉಳಿಯಿತು, ಮಾತು ಸ್ವಲ್ಪ ತೊದಲಿದರೂ ತಿರುಗಿ ಬಂತು, ಬಲಗೈ ಬರಲಿಲ್ಲ. ಅಂಗಡಿ ಮುಚ್ಚಿ ಆಲೂರಿನ ಮನೆ ಸೇರಿದ. ನೋಡಲು ಹೋದಾಗಲೆಲ್ಲ ಆ ಕೈಯನ್ನು ದಿಂಬಿನ ಮೇಲೆ ಇಟ್ಟುಕೊಂಡು ಕೂತಿರುತ್ತಿದ್ದ. ನಾನು ಕೈ ನೋಡದೆ ಮಾತಾಡಿ ಬರುತ್ತಿದ್ದೆ.

ಕುಯ್ಲು ಮುಗಿದಾಗ, ಯಾವತ್ತೂ ನಮ್ಮನ್ನೇ ಕರೆಯುತ್ತಿದ್ದ ಒಂದು ಎಸ್ಟೇಟಿನಿಂದ ಫೋನು ಬಂತು. ಹಾಸನದಿಂದ ಬೇರೆ ಕೀಬೋರ್ಡಿನವನನ್ನು ಗೊತ್ತುಮಾಡಿದೆ. ಮೂವತ್ತರ ಆಸುಪಾಸಿನ ಒಳ್ಳೆಯ ವಾದ್ಯಗಾರ, ವಿನಯವಂತ. ಯಾವ ಸ್ಕೇಲು ಸರ್ ಅಂತ ಕೇಳಿದ. ಹಾಡು ಎಷ್ಟು ಎತ್ತರದಲ್ಲಿ ನಿಲ್ಲಬೇಕು ಅನ್ನುವುದನ್ನು ಆರ್ಕೆಸ್ಟ್ರಾದವರು ಸ್ಕೇಲು ಅನ್ನುತ್ತಾರೆ. ಎಫ್ ಅಂದೆ. ಕಣದ ಹಾಡಿಗೆ ಅವತ್ತಿನಿಂದಲೂ ಎಫ್.

ಕಣ ತುಂಬಿತ್ತು, ಆದರೆ ಮುಖಗಳು ಬೇರೆ. ಈಗ ತೋಟಗಳಲ್ಲಿ ಹಣ್ಣು ಕುಯ್ಯುವವರು ಹೆಚ್ಚಿನವರು ಅಸ್ಸಾಮಿನ ಕಡೆಯವರು. ಹಿಂದಿ ಹಾಡಿಗೆ ಕುಣಿಯುತ್ತಿದ್ದರು. ಕಡೆಗೆ ಹಳೆಯ ರೈಟರೊಬ್ಬರು ಕಣದ ಹಾಡು ಆಗಲಿ ಅಂತ ಕೂಗಿದ ಮೇಲೆ ಶುರುಮಾಡಿದೆ. ಮೊದಲ ಸಾಲಿನಲ್ಲೇ ಹಾಡು ಎಂದಿನ ಜಾಗದಲ್ಲಿಲ್ಲ ಅನಿಸಿತು. ನನ್ನ ಮನೆಗೇ ಬಂದು ಬಾಗಿಲಿನ ಚಿಲಕ ಕೈಗೆ ಎಟುಕದಂತಾಯಿತು. ‘ಬರಬ್ಯಾಡ’ಕ್ಕೆ ಉಸಿರು ಕಟ್ಟಿ ಏರಿದೆ. ದನಿ ಒಡೆಯಿತು. ಇನ್ನೊಮ್ಮೆ ಏರಿದೆ. ಬರೀ ಗಾಳಿ ಬಂತು. ಮೈಕು ಆ ಗಾಳಿಯನ್ನು ಇಡೀ ತೋಟಕ್ಕೆ ಕೇಳಿಸಿತು. ಎದುರಿನವರು ಕುಣಿಯುತ್ತಲೇ ಇದ್ದರು, ಹಾಡು ಹೀಗೇ ಇರಬೇಕು ಅಂದುಕೊಂಡಿರಬೇಕು.

ನಾನು ಹಾಡು ನಿಲ್ಲಿಸಿ ಹೊಸಬನ ಮೇಲೆ ಹರಿಹಾಯ್ದೆ. ಎಫ್ ಅಂದರೆ ಎಲ್ಲೋ ಮೇಲೆ ಹಿಡಿದಿದ್ದೀಯ, ಕಿವಿ ಇಲ್ಲವಾ, ನನ್ನ ಮಾನ ಕಳೆಯಲು ಬಂದೆಯಾ ಅಂತ ಬಾಯಿಗೆ ಬಂದದ್ದೆಲ್ಲ ಅಂದೆ. ಪಾಪ, ಅವನು ಮೊಬೈಲಿನಲ್ಲಿ ಶ್ರುತಿ ತೋರಿಸುವ ಆ್ಯಪ್ ತೆಗೆದು, ಕೀಬೋರ್ಡಿನ ಒಂದು ಮನೆ ಒತ್ತಿ, ನನ್ನ ಮುಂದೆ ಹಿಡಿದ. ಎಫ್ ಅಂತಲೇ ತೋರಿಸುತ್ತಿತ್ತು. ಮೊಬೈಲೇ ಸುಳ್ಳು ಅಂದೆ. ಜೊತೆಗೆ ಹಾಡುತ್ತಿದ್ದ ಟೀಚರಮ್ಮ ನನ್ನ ಕೈಯಿಂದ ಮೈಕು ತೆಗೆದುಕೊಂಡು, "ಅಣ್ಣ, ಬಿಡಿ. ಅವ್ರದ್ದೇನೂ ತಪ್ಪಿಲ್ಲ," ಅಂದು ತಾನೇ ಒಂದು ಹಾಡು ಶುರುಮಾಡಿದಳು. ಅವಳ ಕಣ್ಣು ನೋಡಿದೆ. ಅವಳಿಗೆ ಆಶ್ಚರ್ಯವಾಗಿರಲೇ ಇಲ್ಲ.

ವಾಪಸು ಬರುವಾಗ ಟೆಂಪೋದಲ್ಲಿ ಅವಳೇ ಹೇಳಿದಳು, ಹೊರಗೆ ನೋಡುತ್ತ ಹೇಳಿದಳು. ಕೀಬೋರ್ಡಿನಲ್ಲಿ ಒಂದು ಬಟನ್ ಇರುತ್ತದೆ, ಅದನ್ನು ಒತ್ತಿದರೆ ಬೆರಳು ಅದೇ ಮನೆಗಳ ಮೇಲಿದ್ದರೂ ದನಿ ಕೆಳಗಿನದ್ದು ಬರುತ್ತದೆ. ನಾನು ಮೊದಲಿಂದಲೂ ನಮ್ಮ ಕೀಬೋರ್ಡಿನವನ ಬೆರಳು ನೋಡಿ ಹಾಡುವವನು. ಬೆರಳು ಎಫ್ ಮೇಲೇ ಇತ್ತು. ದನಿಯನ್ನು ಅವನು ವರ್ಷಗಳಿಂದ ಇಳಿಸುತ್ತ ಬಂದಿದ್ದ, ಒಂದೇ ಸಲಕ್ಕಲ್ಲ, ನನಗೆ ತಿಳಿಯದಷ್ಟು ನಿಧಾನಕ್ಕೆ. ಕೊಳಲಿನವನಿಗೆ ಉದ್ದದ ಕೊಳಲು ಕೊಡಿಸಿದವನೂ ಅವನೇ. ಯಾರೂ ನನಗೆ ಹೇಳಕೂಡದು ಅಂತ ಎಲ್ಲರಿಂದಲೂ ಮಾತು ತೆಗೆದುಕೊಂಡಿದ್ದ. ಹಾಸನದವನನ್ನು ಅಣಕಿಸಿದ ದಿನ ಟೆಂಪೋದಲ್ಲಿ ಯಾಕೆ ಯಾರೂ ನಗಲಿಲ್ಲ ಅನ್ನುವುದು ಆಗ ತಿಳಿಯಿತು. ಟ್ರ್ಯಾಕ್ ಬೇಡ ಅಂದದ್ದೂ ತಿಳಿಯಿತು. ಮೂಲ ಶ್ರುತಿಯ ಟ್ರ್ಯಾಕ್ ಹಾಕಿದ್ದರೆ ಮೊದಲ ದಿನವೇ ನನ್ನ ಬಂಡವಾಳ ಬಯಲಾಗುತ್ತಿತ್ತು. ನನ್ನನ್ನು ಮುಚ್ಚಿಡಲು ಅವನು ಆರ್ಕೆಸ್ಟ್ರಾವನ್ನೇ ಮುಳುಗಿಸಿದ್ದ.

ಮನೆಗೆ ಬಂದು ಹೆಂಡತಿಯನ್ನು ಕೇಳಿದೆ. ಅವಳು ಅನ್ನ ಬಸಿಯುತ್ತಿದ್ದಳು. ತಿರುಗದೆಯೇ, ಗೊತ್ತಿತ್ತು ಅಂದಳು. ಅದಕ್ಕೇ ನಾನು ಹಾರ್ಮೋನಿಯಂ ತನ್ನಿ ಅನ್ನುವುದನ್ನೂ ನಿಲ್ಲಿಸಿದ್ದು, ಅದು ಸುಳ್ಳು ಶ್ರುತಿ ಕೊಡುವುದಿಲ್ಲವಲ್ಲ ಅಂದಳು.

ಆ ವಾರ ನಾನು ಬೇರೆ ಏನೂ ಮಾಡಲಿಲ್ಲ. ನಮ್ಮ ಕಾರ್ಯಕ್ರಮಗಳ ವಿಡಿಯೋ ಯಾರ್ಯಾರ ಮೊಬೈಲಿನಲ್ಲಿ ಇದೆಯೋ ಎಲ್ಲ ಕಳಿಸಿಕೊಂಡೆ. ಆ ಶ್ರುತಿ ನೋಡುವ ಆ್ಯಪ್ ಹಾಕಿಕೊಂಡು ಒಂದೊಂದನ್ನೇ ಅಳೆದೆ. ಯಾವುದೂ ಎಫ್ ಅಲ್ಲ. ಎಲ್ಲಕ್ಕಿಂತ ಹಳೆಯದು, ಮೊಬೈಲುಗಳು ಬಂದ ಹೊಸದರಲ್ಲಿ ಯಾರೋ ಮಸುಕು ಮಸುಕಾಗಿ ತೆಗೆದದ್ದು, ಅದೂ ಇಳಿದದ್ದೇ. ಅದಕ್ಕೂ ಮುಂಚೆ ನಮ್ಮನ್ನು ಯಾರೂ ರೆಕಾರ್ಡ್ ಮಾಡಿರಲಿಲ್ಲ. ಮೇಷ್ಟ್ರು ಅಗಲ ಅಂದ ಆ ದನಿ, ಇಡೀ ಕಣದ ಮೇಲೆ ಕೇಳುತ್ತಿದ್ದ ಆ ದನಿ, ಎಲ್ಲೂ ಇಲ್ಲ. ಸ್ಟುಡಿಯೋಕ್ಕೆ ಹೋಗೋಣ ಅಂತ ಅವನು ಅಂಗಲಾಚಿದ ವರ್ಷಗಳನ್ನು ಎಣಿಸಲು ಹೋಗಿ ಬಿಟ್ಟೆ. ಗಂಟಲು ಇಳಿಯುತ್ತಿದೆ ಅಂತ ಒಂದು ಮಾತು ಹೇಳಿದ್ದರೆ ಆ ದಿನವೇ ಓಡಿಹೋಗಿ ಹಾಡಿ ಬರುತ್ತಿದ್ದೆ. ಹೇಳದೆ ಇದ್ದದ್ದರಿಂದ, ಗಂಟಲಿಗೇನು ಅಂತ ಕೂತೆ. ನನ್ನ ಮಾನ ಉಳಿಸಲು ಹೋಗಿ ನನ್ನ ಹಾಡನ್ನೇ ಕಳೆದ ಅಂತ ಅನಿಸಿದಾಗ ಅವನ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ.

ಆ ಸಿಟ್ಟಿನಲ್ಲೇ ಒಂದು ಬೆಳಗ್ಗೆ ಆಲೂರಿಗೆ ಹೋದೆ. ಅವನು ಬಾಗಿಲಿಗೆ ಮುಖ ಮಾಡಿ ಕುರ್ಚಿಯಲ್ಲಿ ಕೂತಿದ್ದ. ನನ್ನ ಮುಖ ನೋಡಿದ ಕೂಡಲೇ ಅವನಿಗೆ ಗೊತ್ತಾಯಿತು. ಅವನ ಹೆಂಡತಿ ಕಾಫಿ ಇಡುತ್ತೇನೆ ಅಂತ ಒಳಗೆ ಹೋದರು. ಯಾವಾಗಿನಿಂದ ಅಂತ ಕೇಳಿದೆ.

"ನಿಮ್ಮವ್ವ ತೀರ್ಕೊಂಡ ವರ್ಷ," ಅಂದ. ಮಾತು ನಿಧಾನವಾಗಿ, ಒಂದೊಂದೇ ಬರುತ್ತಿತ್ತು. "ತಿಥಿ ಆಗಿ ಎರಡು ದಿನಕ್ಕೆ ಪ್ರೋಗ್ರಾಮ್ ಇತ್ತು. ಅತ್ತು ಅತ್ತು ಗಂಟಲು ಕಟ್ಟಿತ್ತು ನಿಂಗೆ. ಅವತ್ತೊಂದಿನಕ್ಕೆ ಅಂತ ಅರ್ಧ ಮನೆ ಇಳಿಸ್ದೆ. ಸರಿಹೋದ್ಮೇಲೆ ಏರಿಸೋಣ ಅಂತ್ಲೇ ಇಳಿಸಿದ್ದು ಕಣೋ. ಅದು ಸರಿಹೋಗ್ಲೇ ಇಲ್ಲ."

ಹೇಳಬಹುದಿತ್ತಲ್ಲ ಅಂದೆ. ಹೇಳಿದ್ದರೆ ನೀನು ಹಾಡುವುದನ್ನೇ ಬಿಡುತ್ತಿದ್ದೆ, ಇಳಿಸಿ ಹಾಡುವವನಲ್ಲ ನೀನು, ನಿನ್ನ ಬಾಯಿಂದಲೇ ಎಷ್ಟು ಸಲ ಕೇಳಿದ್ದೇನೆ ಅಂದ. ಅದು ನಿಜ. ನಿಜವಾದದ್ದರಿಂದ ಇನ್ನೂ ಸಿಟ್ಟು ಬಂತು. ನೀನು ಮಾಡಿದ್ದರಿಂದ ನನ್ನ ಒಂದು ಹಾಡೂ ಉಳಿಯಲಿಲ್ಲ ಅಂತ ಕೂಗಾಡಿದೆ. ಅವನ ಬಾಯಿ ಓರೆಯಾಗಿದ್ದ ಕಡೆಯಿಂದ ಜೊಲ್ಲು ಇಳಿಯುತ್ತಿತ್ತು, ಎಡಗೈಯಿಂದ ಒರೆಸಿಕೊಂಡ. ಕೂಗಿ ಕೂಗಿ ನನಗೇ ಸಾಕಾಯಿತು. ಕೂಗುವುದಕ್ಕೂ ಮೊದಲಿನ ದನಿ ಇರಲಿಲ್ಲ.

ಆಮೇಲೆ, ಆ ಮನೆಗೆ ನಾನು ಯಾತಕ್ಕೆ ಬಂದೆ ಅನ್ನುವುದು ನನಗೆ ಹೊಳೆಯಿತು. ಬೈಯಲು ಬಂದವನಲ್ಲ. ಮೇಷ್ಟ್ರು ತೀರಿಕೊಂಡಿದ್ದಾರೆ, ಅವ್ವ ಇಲ್ಲ, ಲೈನ್ ಮನೆಗಳ ಹಳೆಯ ಹೆಂಗಸರು ಯಾವ ಯಾವ ಊರು ಸೇರಿದರೋ. ಆ ದನಿಯನ್ನು ಮೊದಲಿನಿಂದ ಕೇಳಿದ ಕಿವಿ ಈಗ ಇವನೊಬ್ಬನದೇ. ಅವನ ಪಕ್ಕ ಸ್ಟೂಲು ಎಳೆದುಕೊಂಡು ಕೂತು, ನಾಚಿಕೆ ಬಿಟ್ಟು ಕೇಳಿದೆ.

"ನನ್ನ ಗಂಟಲು ಹೆಂಗಿತ್ತೋ?"

ಅವನು ಕಣ್ಣು ಮುಚ್ಚಿದ. ಎಡಗೈಯ ಬೆರಳು ಕುರ್ಚಿಯ ಹಿಡಿಯ ಮೇಲೆ ಒಂದೆರಡು ಸಲ ಆಡಿತು. ಕಣ್ಣು ತೆರೆದಾಗ ನೀರು ತುಂಬಿತ್ತು.

"ಗೊತ್ತಾಗ್ತಿಲ್ಲ ಕಣೋ," ಅಂದ. "ನಾನು ನಿನ್ನ ಹಾಡು ಕೇಳಿ ಎಷ್ಟ್ ವರ್ಷ ಆಯ್ತು. ಎಲ್ಲಿ ಒಡೀತೈತೋ ಅಂತ, ಅದೊಂದನ್ನೇ ಕೇಳ್ತಾ ಕೂತಿದ್ದೆ."

ಅವನ ಹೆಂಡತಿ ಕಾಫಿ ತಂದರು. ಅವನಿಗೆ ಒಬ್ಬನೇ ಕುಡಿಯಲು ಆಗುವುದಿಲ್ಲ, ಲೋಟ ಹಿಡಿದು ಸ್ವಲ್ಪ ಸ್ವಲ್ಪ ಕುಡಿಸಿದೆ. ಮತ್ತೆ ಬರ್ತೀಯಾ ಅಂತ ಕೇಳಿದ, ಬರುತ್ತೇನೆ ಅಂದೆ. ಹನ್ನೊಂದರ ಬಸ್ಸಿಗೆ ಸಕಲೇಶಪುರಕ್ಕೆ ಬಂದು ಅಂಗಡಿಯ ಕೆಲಸಕ್ಕೆ ಹೋದೆ.